ನಲವತ್ತೊಂದನೆಯ ಪುಟದ ಎರಿಭೂತ

ಗುತ್ತಲ
12 ಜುಲೈ 2006

ಪುಷ್ಪಲತಾ,

ಮೊನ್ನೆ ಸೋಮವಾರ ನಮ್ಮ ಪಂಚಾಯತಿ ಕಚೇರಿಗೆ ಒಂದು ವರದಿ ಬಂದಿದೆ. ರಾಜ್ಯದ ಗಡಿಯಾಚೆಯ ವಿದ್ಯುತ್ ಸ್ಥಾವರದಿಂದ ಹೊರಟು, ನಮ್ಮ ಜಿಲ್ಲೆಯನ್ನು ದಾಟಿ ದಕ್ಷಿಣಕ್ಕೆ ಹೋಗುವ ನಾನೂರು ಕೆ.ವಿ. ಲೈನಿನಿಂದ ಪರಿಸರಕ್ಕೆ, ಜನರಿಗೆ ಏನಾಗಬಹುದು ಎಂಬ ವರದಿ. ಇನ್ನೂರು ಪುಟ ಇಂಗ್ಲಿಷಿನಲ್ಲಿದೆ, ಹಿಂದೆ ಅರವತ್ತು ಪುಟ ಕನ್ನಡದ ಸಾರಾಂಶ. ಓದಿ ಹೇಳಲು ನನ್ನನ್ನು ಶಾಲೆಯಿಂದ ಕರೆಸಿದರು.

ನಲವತ್ತೊಂದನೆಯ ಪುಟದಲ್ಲಿ, ನಮ್ಮೂರಿನ ದನಕುರಿ ಮೇಯುವ ಗಾಯರಾಣದ ಬಗ್ಗೆ ಹೀಗಿದೆ: “ಈ ಬಯಲಿನಲ್ಲಿ ಕಪ್ಪು ಮಣ್ಣಿನ ದೆವ್ವ ವಾಸಿಸುತ್ತದೆ ಎಂಬ ಮೂಢನಂಬಿಕೆ ಗ್ರಾಮಸ್ಥರಲ್ಲಿದೆ. ಅಪರೂಪದ ಪ್ರಾಣಿ, ಪಕ್ಷಿಗಳು ಇರುವುದಾಗಿ ಯಾರೂ ತಿಳಿಸಿಲ್ಲ.”

ನಾನು ಅದನ್ನು ಗಟ್ಟಿಯಾಗಿ ಓದಿದೆ. ಓದಬಾರದಿತ್ತು. ಪಂಚಾಯತಿಯ ಸಿಪಾಯಿ ಡಾಕಪ್ಪ ಮೊದಲು ನಕ್ಕ. “ಅಕ್ಕೋರ, ನಮ್ಮೂರಾಗ ದೆವ್ವ ಐತಿ ಅಂತ ಸರಕಾರದವ್ರ ಬರದಾರಂದ್ರ ಖರೇನ ಇರಬೇಕ್ರಿ. ಅದಕ್ಕೂ ಒಂದು ರೇಶನ್ ಕಾರ್ಡ್ ಮಾಡಸ್ರಲಾ!” ಎಲ್ಲರೂ ನಕ್ಕರು. ಕುರಿಕಾರ ಮೈಲಾರಪ್ಪ ಕಟ್ಟೆಯ ಮೇಲೆ ಕುಳಿತಿದ್ದವನು ನಗಲಿಲ್ಲ.

“ನಾ ದೆವ್ವ ಅಂದಿಲ್ಲರಿ ಅಕ್ಕೋರ,” ಎಂದ. “ಆ ಬಾಯಿ ಕೇಳಿದಾಗ ನಾ ಎರಿಭೂತ ಅಂದೇನಿ.”

ಎರಿಭೂತ ಎಂದರೆ ಕಪ್ಪು ಮಣ್ಣಿನ ಎರೆಹೊಲದಲ್ಲಿ ಮನುಷ್ಯನ ಹಾಗೆ ನೆಟ್ಟಗೆ ನಿಲ್ಲುವ ದೊಡ್ಡ ಹಕ್ಕಿ. ಪುಸ್ತಕದಲ್ಲಿ ಹೆಬ್ಬಕ ಎಂದಿದೆ. ಇಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ನಮ್ಮ ಗಾಯರಾಣದಲ್ಲಿ ಈಗ ಉಳಿದಿರುವುದು ಮೂರೋ ನಾಲ್ಕೋ.

ವರದಿಯ ಕೊನೆಯ ಪುಟದಲ್ಲಿ “ಭಾಷಾಂತರ: ಪುಷ್ಪಲತಾ, ಹಾವೇರಿ” ಎಂದಿದೆ. ಮೈಲಾರಪ್ಪ ಹೇಳಿದ “ಬಾಯಿ”, ಪ್ರಶ್ನೆ ಕೇಳಿದ ಆ ಹೆಂಗಸು, ನೀನೇ ಎಂದು ಗೊತ್ತಾಯಿತು.

ನನ್ನದು ಒಂದೇ ಪ್ರಶ್ನೆ. ಅವನು ಹೇಳಿದ್ದೇನು, ನೀನು ಬರೆದದ್ದೇನು? ಫೋನ್ ಮಾಡಬೇಡ, ಬರೆದು ಕಳಿಸು.

ಉತ್ತರಕ್ಕೆ ಕಾಯುವ
ಮಹೇಶ್ವರಿ


ಹಾವೇರಿ
21 ಜುಲೈ 2006

ಶ್ರೀಮತಿ ಮಹೇಶ್ವರಿಯವರಿಗೆ,

ನಿಮ್ಮ ರಿಜಿಸ್ಟರ್ ಪತ್ರ ತಲುಪಿತು. ಒಂದೇ ಕೋಣೆಯಲ್ಲಿ ಎರಡು ವರ್ಷ ಓದಿದವರು, ಆರು ವರ್ಷಗಳ ನಂತರ ಬರೆಯುವಾಗ ಸ್ವೀಕೃತಿ ಚೀಟಿ ಅಂಟಿಸಿ ಕಳಿಸಿದ್ದೀರಿ. ಸಹಿ ಮಾಡಿ ಕೊಟ್ಟಿದ್ದೇನೆ.

ನೀವು ಕೇಳಿದ್ದಕ್ಕೆ ಉತ್ತರ. ಮಾರ್ಚ್ ಹದಿನಾಲ್ಕರಂದು, ನಾನು ಕೆಲಸ ಮಾಡುವ ಸಮೀಕ್ಷೆಯ ಕಂಪನಿಯ ಇಬ್ಬರು ಎಂಜಿನಿಯರರ ಜೊತೆ ನಾನು ನಿಮ್ಮೂರಿಗೆ ಬಂದಿದ್ದೆ. ಇಬ್ಬರಿಗೂ ಕನ್ನಡ ಬಾರದು. ಬೇವಿನ ಮರದ ಕೆಳಗೆ ಹನ್ನೊಂದು ಜನರನ್ನು ಮಾತನಾಡಿಸಿದೆವು. ಈ ಬಯಲಿನಲ್ಲಿ ವಿಶೇಷವೇನಾದರೂ ಇದೆಯೇ ಎಂದು ಕೇಳಿದಾಗ ಒಬ್ಬ ಕುರಿಕಾರ, “ಎರಿಭೂತ ಐತ್ರಿ. ಮುಂಜಾನೆ ಹೋದ್ರ ನಿಂತಿರತೈತಿ, ಮನಶ್ಯಾರ ನಿಂತಂಗ. ಹತ್ರ ಹ್ವಾದ್ರ ಇರಂಗಿಲ್ಲ,” ಎಂದ. ಸುತ್ತಲಿದ್ದವರು ನಕ್ಕರು. ಹಕ್ಕಿ ಎಂಬ ಪದವನ್ನು ಅವನು ಆಡಲಿಲ್ಲ. ನಾನು ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿ ಚೀಲಗಳ ನಡುವೆ ಬೆಳೆದವಳು. ನಮ್ಮಲ್ಲಿ ಭೂತ ಎಂದರೆ ಭೂತವೇ. ಕೇಳಿದ್ದನ್ನು ಕೇಳಿದ ಹಾಗೆ ಇಂಗ್ಲಿಷಿನಲ್ಲಿ ಹೇಳಿದೆ. “ಮೂಢನಂಬಿಕೆ” ಎಂಬ ಪದ ನನ್ನದಲ್ಲ, ಎಂಜಿನಿಯರರು ಸೇರಿಸಿದ್ದು.

ನಾನೂ ಒಂದು ವಿಷಯ ಗಮನಿಸಿದೆ. ನಕ್ಷೆಯಲ್ಲಿ ಇನ್ನೂರ ಹದಿನೇಳನೆಯ ಟವರು ಬರುವ ಹೊಲ ಪುಂಡಲೀಕ ಎಂಬವರ ಹೆಸರಿನಲ್ಲಿದೆ. ನಿಮ್ಮ ಯಜಮಾನರು. ಹಕ್ಕಿಯ ಬಗ್ಗೆ ಇಷ್ಟು ಬರೆದ ನೀವು ಅದನ್ನು ಬರೆದಿಲ್ಲ.

ತಮ್ಮ ತಿಳುವಳಿಕೆಗಾಗಿ,
ಪುಷ್ಪಲತಾ


ಗುತ್ತಲ
3 ಆಗಸ್ಟ್ 2006

ಪುಷ್ಪಲತಾ,

ನೀವು, ತಮ್ಮ ಎಂದೆಲ್ಲ ಬರೆದಿದ್ದೀ. ನನಗೆ ಆ ರೂಢಿ ಬರುವುದಿಲ್ಲ.

ಹೌದು, ಹೊಲ ನಮ್ಮದು. ಬರೆಯಬೇಕಿತ್ತು, ಬರೆಯಲಿಲ್ಲ. ಜೂನಿನಲ್ಲಿ ಬಂದು ಕೆಂಪು ಬಣ್ಣದ ಕಲ್ಲು ಹುಗಿದು ಹೋಗಿದ್ದಾರೆ. ನಮ್ಮನ್ನು ಕೇಳುವ ಜರೂರಿ ಇಲ್ಲವಂತೆ, ಕಾಯಿದೆ ಹಾಗಿದೆ. “ನಾಕ ಕಾಲ ಊರಿದ್ರ ನಡುವ ಎತ್ತ ಹೊಳ್ಳಂಗಿಲ್ಲ. ತಂತಿ ಕೆಳಗ ಗಿಡ ಹಚ್ಚೂಹಂಗಿಲ್ಲ, ಬೋರ್ ಹೊಡಸೂಹಂಗಿಲ್ಲ. ಹೊಲ ನಮ್ಮ ಹೆಸರಿನ್ಯಾಗ ಇರತೈತಿ, ಅಷ್ಟ,” ಎನ್ನುತ್ತಾರೆ ನಮ್ಮವರು. ನಮಗೆ ತ್ರೀ ಫೇಸ್ ಕರೆಂಟು ದಿನಕ್ಕೆ ಆರು ತಾಸು. ತಲೆಯ ಮೇಲೆ ಇಪ್ಪತ್ನಾಲ್ಕು ತಾಸೂ ಹರಿಯುವುದು ಯಾರಿಗೋ. ನಮ್ಮತ್ತೆ ಸಿದ್ದವ್ವನಿಗೆ ಇದನ್ನು ಹೇಳಿದಾಗ, “ಮಂದಿ ಬೀಗರ ಮೆರವಣಗಿ ನಮ್ಮ ಓಣ್ಯಾಗ ಹಾದಂಗ ಆತಲ್ಲವಾ. ಊಟ ಅವ್ರಿಗೆ, ಧೂಳಾ ನಮಗ,” ಎಂದರು.

ನನ್ನದನ್ನು ಹೇಳಿದೆ. ಈಗ ನೀನು ಬಿಟ್ಟದ್ದನ್ನು ಹೇಳುತ್ತೇನೆ. ವರದಿಯ ಹಿಂದಿನ ನಕ್ಷೆಯಲ್ಲಿ ಎರಡು ದಾರಿಗಳಿವೆ. ಮೊದಲನೆಯದು ಬ್ಯಾಡಗಿಯ ಮಗ್ಗುಲಿನಿಂದ, ಎರಡನೆಯದು ನಮ್ಮ ಕಡೆಯಿಂದ ರಾಣೆಬೆನ್ನೂರಿನತ್ತ. ನಮ್ಮ ಕಡೆ ಅಪರೂಪದ ಜೀವಿಗಳಿಲ್ಲ ಎಂಬ ಕಾರಣ ಕೊಟ್ಟು ಮೊದಲನೆಯದನ್ನು ಬಿಟ್ಟಿದ್ದಾರೆ. ಆ ಮೊದಲ ದಾರಿ ಹಾಯುವ ಹೊಲಗಳ ಪಟ್ಟಿಯಲ್ಲಿ ಕೊಟ್ರೇಶನ ಹೆಸರಿದೆ. ನಿನ್ನ ತಮ್ಮ.

ಇನ್ನೂ ಒಂದು ಮಾತು. ನನ್ನ ಮದುವೆಯಾದ ವರ್ಷ, ತೊಂಬತ್ತೇಳರ ಡಿಸೆಂಬರಿನಲ್ಲಿ, ನೀನು ನಮ್ಮೂರಿಗೆ ಬಂದು ಮೂರು ದಿನ ಇದ್ದೆ. ಜೋಳದ ಹೊಲಕ್ಕೆ ಹೋದಾಗ ನಮ್ಮತ್ತೆ ನಿನ್ನ ಕೈ ಹಿಡಿದು ನಿಲ್ಲಿಸಿದರು. “ಅಲ್ನೋಡವಾ, ಎರಿಭೂತ! ಸಪ್ಪಳ ಮಾಡಬ್ಯಾಡ. ಭಾಳ ನಾಚಗಿ ಅದಕ್ಕ, ಹೊಸಾ ಮದಲಗಿತ್ತಿ ಇದ್ದಂಗ.” ನೀನು ನಕ್ಕುಬಿಟ್ಟೆ. ಹಕ್ಕಿ ಹಾರಿಹೋಯಿತು.

ಪುಷ್ಪಾ, ಆ ಮಾತು ನಿನ್ನ ಕೈಯ ಕೆಳಗೆ ಎರಡು ಸಲ ಹಾದಿದೆ. ಇಂಗ್ಲಿಷಿಗೆ ಹೋಗುವಾಗ ಒಮ್ಮೆ, ಕನ್ನಡಕ್ಕೆ ಮರಳುವಾಗ ಒಮ್ಮೆ. ಬೇವಿನ ಮರದ ಕೆಳಗೆ, ಜನರ ಗದ್ದಲದಲ್ಲಿ ತಪ್ಪಾಗಬಹುದು. ಮನೆಯಲ್ಲಿ ಕುಳಿತು ಕನ್ನಡದಲ್ಲಿ ಬರೆಯುವಾಗ ಎರಿಭೂತ ಎಂದೇ ಏಕೆ ಬರೆಯಲಿಲ್ಲ? ಹಾಗೆ ಬರೆದಿದ್ದರೆ ಊರಿನ ಯಾರು ಓದಿದರೂ ಅದು ಹಕ್ಕಿ ಎಂದು ತಿಳಿಯುತ್ತಿತ್ತು. ನೀನು “ಕಪ್ಪು ಮಣ್ಣಿನ ದೆವ್ವ” ಎಂದು ಬರೆದೆ. ಅಂಥ ಹೆಸರನ್ನು ಈ ಕಡೆ ಯಾರೂ ಕೇಳಿಲ್ಲ.

ಮಹೇಶ್ವರಿ


ಹಾವೇರಿ
19 ಆಗಸ್ಟ್ 2006

ಶ್ರೀಮತಿ ಮಹೇಶ್ವರಿಯವರಿಗೆ,

ತೊಂಬತ್ತೇಳರಲ್ಲಿ ನಿಮ್ಮೂರಿಗೆ ಬಂದದ್ದು ನೆನಪಿದೆ. ಹಕ್ಕಿ ನೆನಪಿಲ್ಲ.

ಇನ್ನು ಮುಂದೆ ಕಚೇರಿಯ ವಿಳಾಸಕ್ಕೆ ಬರೆಯಬೇಡಿ. ನಿಮ್ಮ ಎರಡನೆಯ ಲಕೋಟೆಯ ಅಂಟು ಬಿಚ್ಚಿ ಮತ್ತೆ ಹಚ್ಚಿದಂತಿತ್ತು. ನೀವೇ ಹಾಗೆ ಹಚ್ಚಿದಿರೋ, ಇಲ್ಲಿ ಯಾರಾದರೂ ಬಿಚ್ಚಿದರೋ ತಿಳಿಯಲಿಲ್ಲ. ಎದುರಿನ ಮೇಜಿನವರು ಅಂದಿನಿಂದ ನನ್ನನ್ನು “ಗುತ್ತಲದ ಕಡೆ ಮಳೆ ಹೆಂಗೈತ್ರಿ?” ಎಂದು ಎರಡು ಸಲ ಕೇಳಿದ್ದಾರೆ. ಮಳೆಯನ್ನೇ ಕೇಳಿರಲೂಬಹುದು.

ಪುಷ್ಪಲತಾ


ಗುತ್ತಲ
28 ಅಕ್ಟೋಬರ್ 2006

ಪುಷ್ಪಲತಾ,

ಸೆಪ್ಟೆಂಬರಿನಲ್ಲಿ ನಿನ್ನ ಮನೆಗೆ ಬರೆದ ಎರಡು ಪತ್ರಗಳಿಗೆ ಉತ್ತರವಿಲ್ಲ. ಇದಕ್ಕೂ ಬರದೇ ಇರಬಹುದು. ಆದರೂ ಆದದ್ದನ್ನು ತಿಳಿಸಬೇಕು.

ಕಳೆದ ಭಾನುವಾರ ಮೈಲಾರಪ್ಪ ಮನೆಗೆ ಬಂದ. ಒಳಗೆ ಬರಲಿಲ್ಲ. ಹಿತ್ತಲ ಬಾಗಿಲಲ್ಲಿ ನಿಂತು ತಲೆಯ ರುಮಾಲು ಬಿಚ್ಚಿದ. ಅದರಲ್ಲಿ ನಾಲ್ಕು ಗರಿಗಳಿದ್ದವು. ಕಂದು ಬಣ್ಣ, ಮೇಲೆ ಕೂದಲೆಳೆಯಂಥ ಕಪ್ಪು ಗೆರೆಗಳು.

ನಮ್ಮ ಗಾಯರಾಣದ ತುದಿಯಲ್ಲಿ ರಾಣೆಬೆನ್ನೂರಿನ ಕಡೆಗೆ ಹೋಗುವ ಹಳೆಯ ಲೈನೊಂದಿದೆ. ಈಗ ಬರುವುದಕ್ಕೆ ಹೋಲಿಸಿದರೆ ಮೊಳದಷ್ಟು ಎತ್ತರ. ಅದರ ಕೆಳಗೆ ಎರಿಭೂತ ಸತ್ತು ಬಿದ್ದಿತ್ತಂತೆ. ಸುಟ್ಟಿರಲಿಲ್ಲ. ಕುತ್ತಿಗೆ ಮುರಿದಿತ್ತು.

“ಅದಕ್ಕ ಮುಂದಿಂದು ಕಾಣಂಗಿಲ್ಲರಿ ಅಕ್ಕೋರ. ಕಣ್ಣ ಎರಡೂ ಮಗ್ಗಲಕ್ಕ ಅದಾವು. ಮೈಯಿ ಭಾರ, ಲಗೂನ ಹೊಳ್ಳಾಕ ಬರಂಗಿಲ್ಲ. ತಂತಿ ಐತಿ ಅಂತ ತಿಳಿಯೂದ್ರಾಗ ಬಡದಿರತೈತಿ.”

“ಎಲ್ಲೈತಿ ಈಗ?” ಎಂದೆ.

“ಹುಗದ ಬಂದೇನಿ.”

“ಯಾಕ ಹುಗದಿ ಮೈಲಾರಪ್ಪ? ಅದೊಂದ ಸಾಕಾಗಿತ್ತಲ್ಲೋ ತೋರ್ಸಾಕ!”

“ಫಾರೆಸ್ಟಿನವ್ರು ಕೇಳಿದ್ರ ಯಾರ ಕೊಂದ್ರು ಅಂತಾರ್ರಿ. ತಂತಿ ಕೊಂದೈತಿ ಅಂದ್ರ ತಂತೀನ ಜೇಲಿಗೆ ಹಾಕ್ತಾರೇನ್ರಿ? ಕುರುಬನ್ನ ಹಾಕ್ತಾರ. ಮೊದಲ ನನ್ನ ದೆವ್ವದ ಪೂಜಾರಿ ಮಾಡ್ಯಾರ.”

ಎಲ್ಲಿ ಹುಗಿದ ಎಂದು ನನಗೂ ಹೇಳಲಿಲ್ಲ. ಅವನು ಹೋದ ಮೇಲೆ ಗರಿಗಳನ್ನು ಪುಸ್ತಕದಲ್ಲಿಡುವಾಗ, ಇವನೇ ಹೊಡೆದು ತಿಂದಿದ್ದರೆ ಎಂಬ ಯೋಚನೆ ಬಂತು. ಮೂವತ್ತು ವರ್ಷ ಅದರ ಮೊಟ್ಟೆ ಇರುವ ಜಾಗಕ್ಕೆ ಕುರಿ ಬಿಡದೆ ಸುತ್ತುಹಾಕಿ ಹೋದವನ ಬಗ್ಗೆ ಹೀಗೆ ಯೋಚಿಸಿದೆ. ಜುಲೈಯಿಂದ ನನಗೆ ಯಾರ ಮಾತನ್ನೂ ಮಾತಾಗಿ ಕೇಳಲು ಆಗುತ್ತಿಲ್ಲ.

ಆಕ್ಷೇಪಣೆ ಕೊಟ್ಟು ಬಂದಿದ್ದೇವೆ. ಗರಿಗಳನ್ನು ನೋಡಿದ ಅಧಿಕಾರಿ, ಇವು ಎಲ್ಲಿಯವು ಎಂಬುದಕ್ಕೆ ಏನಾಧಾರ ಎಂದರು. ಸಮೀಕ್ಷೆಯಲ್ಲಿ ಜನ ಹಕ್ಕಿಯ ಹೆಸರು ಹೇಳಿದ್ದರು, ಭಾಷಾಂತರದಲ್ಲಿ ತಪ್ಪಿತು ಎಂದು ಭಾಷಾಂತರ ಮಾಡಿದವರೇ ಹೇಳಿಕೆ ಕೊಟ್ಟರೆ ಮಾತ್ರ ಮತ್ತೊಮ್ಮೆ ಸಮೀಕ್ಷೆ ಮಾಡಿಸಬಹುದಂತೆ. ಆಕ್ಷೇಪಣೆ ಕೇಳುವ ಸಭೆ ಜನವರಿ ಎಂಟು, ಸೋಮವಾರ, ಹಾವೇರಿಯಲ್ಲಿ. ಅಷ್ಟರೊಳಗೆ ಆಗದಿದ್ದರೆ ಕೆಂಪು ಕಲ್ಲು ಹುಗಿದಲ್ಲೆಲ್ಲ ಅಗೆಯುತ್ತಾರೆ.

ಇಷ್ಟು ತಿಳಿಸುವುದಿತ್ತು.
ಮಹೇಶ್ವರಿ


ಹಾವೇರಿ
5 ಡಿಸೆಂಬರ್ 2006

ಮಹೇಶ್ವರಿ,

ನಿನ್ನ ಮೂರೂ ಪತ್ರಗಳು ಬಂದಿವೆ. ಓದಿ ಟ್ರಂಕಿನಲ್ಲಿಟ್ಟಿದ್ದೆ.

ಆದದ್ದನ್ನು ಕ್ರಮವಾಗಿ ಬರೆಯುತ್ತೇನೆ. ಮಾರ್ಚಿನಲ್ಲಿ ಮರದ ಕೆಳಗೆ ನನಗೆ ನಿಜವಾಗಿಯೂ ಹೊಳೆಯಲಿಲ್ಲ. ಬಿಸಿಲು, ಹನ್ನೊಂದು ಜನ, ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರದು. ಭೂತ ಎಂದು ಕಿವಿಗೆ ಬಿತ್ತು, ಹಾಗೆ ಹೇಳಿದೆ. ಎಂಜಿನಿಯರರು ನಕ್ಕು ಬರೆದುಕೊಂಡರು.

ಮೇ ತಿಂಗಳಲ್ಲಿ ಕನ್ನಡದ ಸಾರಾಂಶ ಬರೆಯಲು ಕೊಟ್ಟರು. ಮನೆಯಲ್ಲಿ ಕುಳಿತು ದಿನಕ್ಕೆ ನಾಲ್ಕು ಪುಟ ಬರೆಯುತ್ತಿದ್ದೆ. ಈ ವಾಕ್ಯಕ್ಕೆ ಬಂದಾಗ ಅವನು ಆಡಿದ ಮೂಲ ಮಾತನ್ನು ನೆನಪು ಮಾಡಿಕೊಂಡೆ, ಎರಿಭೂತ. ಬರೆಯಲು ಪೆನ್ನು ಊರಿದೆ. ನಿಮ್ಮತ್ತೆಯ ಕೈ ನೆನಪಾಯಿತು. ನನ್ನ ಮಣಿಕಟ್ಟನ್ನು ಹಿಡಿದ ರೀತಿ, ಬಳೆ ಒತ್ತಿದ್ದು. ಆಮೇಲೆ ಹಕ್ಕಿ.

ಅದೇ ವಾರ ಕೊಟ್ರೇಶ ಬಂದಿದ್ದ. ಮೇಜಿನ ಮೇಲೆ ನಕ್ಷೆ ಬಿಡಿಸಿಟ್ಟಿತ್ತು. ಅವನಿಗೆ ನಕ್ಷೆ ಓದಲು ಬಾರದು, ಬ್ಯಾಡಗಿ ಎಂಬ ಅಕ್ಷರ ಹುಡುಕಿ ಅಲ್ಲಿ ಬೆರಳಿಟ್ಟ.

“ಅಕ್ಕಾ, ಈ ಗೀಟು ನಮ್ಮ ಕಣದ ಮ್ಯಾಲ ಬರತೈತೇನ?”

“ಅದನ್ನ ಬಿಡಾಕತ್ತಾರ. ಬ್ಯಾರೆ ಕಡೆ ಒಯ್ತಾರ.”

“ಖರೇ? ಮೆಣಸಿನಕಾಯಿ ಒಣಹಾಕೂ ಜಾಗಾ ಅಕ್ಕಾ ಅದು. ಮ್ಯಾಲ ಗುಂಯ್ ಅನ್ನೂ ತಂತಿ ಬಂದ್ರ ಆರಿಸಾಕ ಒಬ್ಬಾಕಿ ಹೆಣಮಗಳು ಬಂದು ಕುಂದ್ರಂಗಿಲ್ಲ. ನೀ ಅಲ್ಲಿ ಅದೀ ಅಂತ ನನಗ ಧೈರ್ಯ ನೋಡು.”

ಅವನು ನನಗೆ ಏನನ್ನೂ ತಿದ್ದು ಎನ್ನಲಿಲ್ಲ. ಅವನ ಮೇಲೆ ಅನುಮಾನ ಬೇಡ. ಅವನಿಗೆ ಎರಿಭೂತವೂ ಗೊತ್ತಿಲ್ಲ, ನಲವತ್ತೊಂದನೆಯ ಪುಟವೂ ಗೊತ್ತಿಲ್ಲ. ನಾನು ಗಂಡನ ಮನೆ ಬಿಟ್ಟು ಬಂದ ದಿನ ನಮ್ಮ ಓಣಿಯಲ್ಲಿ ಬಾಗಿಲು ತೆರೆದವನು ಅವನೊಬ್ಬನೇ. ಯಾಕೆ ಬಂದೆ ಎಂದು ಇವತ್ತಿನವರೆಗೆ ಕೇಳಿಲ್ಲ. ನಿನಗೆ ಆರು ವರ್ಷ ಬರೆಯದೇ ಇದ್ದುದಕ್ಕೂ ಅದೇ ಕಾರಣ. ನೀನಾದರೆ ಯಾಕೆ ಎಂದು ಕೇಳುತ್ತಿದ್ದೆ.

ಎರಿಭೂತ ಎಂದು ಬರೆದರೆ ಜನ ಗುರುತು ಹಿಡಿಯುತ್ತಾರೆ ಎಂದು ತಿಳಿದೇ ಇಂಗ್ಲಿಷಿನ ಶಬ್ದಗಳನ್ನು ಬಿಡಿಬಿಡಿಯಾಗಿ ಕನ್ನಡಕ್ಕೆ ಇಳಿಸಿದೆ. ಓದಿದವರು ನಗಲಿ ಎಂದು. ನಕ್ಕವರು ಮುಂದೆ ಕೇಳುವುದಿಲ್ಲ. ಮೊದಲ ಸಲ ಆದದ್ದು ತಪ್ಪು. ಎರಡನೆಯ ಸಲ ಮಾಡಿದ್ದನ್ನು ತಪ್ಪು ಎನ್ನಲಾರೆ.

ಈ ಪತ್ರವನ್ನು ನೀನು ಸಭೆಯಲ್ಲಿ ಕೊಡಬಹುದು. ಕೊಡಲಿ ಎಂದು ಬರೆದೆನೋ, ನೀನು ಕೊಡಲಾರೆ ಎಂದು ಗೊತ್ತಿದ್ದೇ ಬರೆದೆನೋ, ನನಗೆ ತಿಳಿಯದು.

ಪುಷ್ಪಾ


ಗುತ್ತಲ
20 ಡಿಸೆಂಬರ್ 2006

ಪುಷ್ಪಾ,

ಪತ್ರ ಬಂದ ದಿನ ನಮ್ಮವರು ಬಾಗಿಲಲ್ಲೇ ಕುಳಿತಿದ್ದರು. “ಏನ ಬರದಾಳ ನಿನ್ನ ಗೆಳತಿ?” ಎಂದರು. “ಸಂಕ್ರಮಣಕ್ಕ ಬಾ ಅಂದಾಳ,” ಎಂದೆ. ಅವರು ನನ್ನ ಮುಖವನ್ನೇ ನೋಡಿ, “ಅಷ್ಟ ಬರ್ಯಾಕ ಮೂರ ಹಾಳಿ ಬೇಕಾತೇನ?” ಎಂದರು. ಆಮೇಲೆ ಕೇಳಲಿಲ್ಲ. ಆದರೆ ಮೂರು ದಿನಗಳಿಂದ ನನ್ನ ಶಾಲೆಯ ಚೀಲ ನಾನು ಇಟ್ಟ ಜಾಗದಲ್ಲಿ ಇರುವುದಿಲ್ಲ.

ಅದಕ್ಕೇ ನಿನ್ನ ಪತ್ರವನ್ನು ಇದರ ಜೊತೆ ಮರಳಿಸುತ್ತಿದ್ದೇನೆ. ನಕಲು ಮಾಡಿಸಿಕೊಂಡಿಲ್ಲ. ನೀನು ನಂಬುತ್ತೀಯೋ ಇಲ್ಲವೋ, ನಿನಗೆ ಬಿಟ್ಟದ್ದು. ಇದನ್ನು ನಾನು ಕೊಟ್ಟರೆ ಕದ್ದ ಹಾಗೆ. ಹೇಳುವುದಿದ್ದರೆ ನೀನೇ ಎದ್ದು ಹೇಳಬೇಕು.

ನಿನ್ನ ಪತ್ರ ಓದಿದ ಮೇಲೆ ನನ್ನನ್ನೇ ಒಂದು ಮಾತು ಕೇಳಿಕೊಂಡೆ. ಲೈನು ಬ್ಯಾಡಗಿಯ ಕಡೆಯಿಂದ ಹೋಗುವುದೆಂದು ವರದಿಯಲ್ಲಿದ್ದು, ಅಲ್ಲಿಯ ಯಾವುದೋ ಊರಿನ ಯಾವುದೋ ಹೆಸರು ಹೀಗೆ ತಪ್ಪಿದ್ದರೆ, ನಾನು ರಿಜಿಸ್ಟರ್ ಪತ್ರ ಬರೆಯುತ್ತಿದ್ದೆನೇ? ಇಲ್ಲ. ಓದಿ, ಪುಟ ಮಗುಚಿ, ಶಾಲೆಗೆ ಮರಳಿ ಹೋಗುತ್ತಿದ್ದೆ. ಹಕ್ಕಿಗಾಗಿ ಬರೆದೆ ಎಂದು ಆರು ತಿಂಗಳು ನಂಬಿದ್ದೇನೆ. ಟವರು ನಮ್ಮ ಹೊಲದಲ್ಲಿ ಇರದಿದ್ದರೂ ಅದೇ ಗಾಯರಾಣ, ಅದೇ ಹಕ್ಕಿ ಅಲ್ಲಿ ಇರುತ್ತಿದ್ದವು. ಆಗಲೂ ಬರೆಯುತ್ತಿದ್ದೆನೋ ಏನೋ ಹೇಳಲಾರೆ.

ಹಕ್ಕಿಯ ಹೆಸರು ಸರಿಯಾದರೆ ಲೈನು ಮಾಯವಾಗುವುದಿಲ್ಲ, ಅದೂ ಗೊತ್ತು. ಕೊಟ್ರೇಶನ ಕಣದ ಮೇಲೆ ಹೋಗಬಹುದು. ನಾವು ಕಂಡಿಲ್ಲದ ಮೂರನೆಯವರ ಮೇಲೂ ಹೋಗಬಹುದು. ಜೋಳ ಹೇಗೋ ಬೆಳೆಯುತ್ತೇವೆ, ಕಣಕ್ಕೆ ಬೇರೆ ಜಾಗ ಸಿಗಬಹುದು. ಆ ಮೂರು ಹಕ್ಕಿಗಳಿಗೆ ಬೇರೆ ಬಯಲು ಇಲ್ಲ. ಇಷ್ಟೇ ನನಗೆ ಖಚಿತವಾಗಿ ಗೊತ್ತಿರುವುದು. ಕಣದ ಬಗ್ಗೆ ಹೀಗೆ ಸಲೀಸಾಗಿ ಬರೆಯುವುದು ಅದು ನನ್ನದಲ್ಲ ಎಂಬ ಕಾರಣಕ್ಕೆ ಎಂದು ನೀನು ಹೇಳಿದರೆ ಒಪ್ಪುತ್ತೇನೆ.

ನನ್ನ ಹೇಳಿಕೆಯನ್ನು ಹೊಸದಾಗಿ ಬರೆದಿದ್ದೇನೆ. ಮೊದಲ ಸಾಲಿನಲ್ಲೇ, ಇನ್ನೂರ ಹದಿನೇಳನೆಯ ಟವರು ನನ್ನ ಗಂಡನ ಹೊಲದಲ್ಲಿ ಬರುತ್ತದೆ ಎಂದು ಹಾಕಿದ್ದೇನೆ. ನಮ್ಮವರಿಗೆ ತೋರಿಸಿಲ್ಲ. ತೋರಿಸಿದರೆ, “ಮೊದಲಿಗೇ ಯಾಕ ನಿನ್ನ ತಲಿ ನೀನ ಕಡಕೊಳ್ತಿ?” ಎನ್ನುತ್ತಾರೆ.

ನೀನು ಬಾ ಎಂದು ಬರೆಯುವುದಿಲ್ಲ. ಬರುತ್ತೀ ಎಂದು ನಂಬಿಯೂ ಇಲ್ಲ.

ಮಹೇಶ್ವರಿ


ಹಾವೇರಿ
6 ಜನವರಿ 2007, ಶನಿವಾರ

ಮಹೇಶ್ವರಿ,

ಮರಳಿಸಿದ ಪತ್ರ ತಲುಪಿತು. ಹಾಳೆಗಳನ್ನು ಬೆಳಕಿಗೆ ಹಿಡಿದು ನೋಡಿದೆ, ನಕಲು ಯಂತ್ರದಲ್ಲಿ ಒತ್ತಿದ ಮಡಿಕೆ ಇದೆಯೇ ಎಂದು. ನಂಬಿದ್ದೇನೆ ಎಂದು ಬರೆಯಬಹುದಿತ್ತು. ನೋಡಿದೆ ಎನ್ನುವುದೇ ನಿಜ.

ಹೇಳಿಕೆ ಬರೆದಾಯಿತು, ಒಂದೂವರೆ ಪುಟ. ಮೊದಲ ಸಾಲಿನಲ್ಲಿ, ಬಿಟ್ಟುಬಿಟ್ಟ ದಾರಿಯಲ್ಲಿರುವ ಹೊಲದ ಮಾಲೀಕ ಕೊಟ್ರೇಶ ನನ್ನ ಒಡಹುಟ್ಟಿದ ತಮ್ಮ ಎಂದಿದೆ. ಎರಡನೆಯ ಸಾಲಿನಲ್ಲಿ ಎರಿಭೂತ ಎಂದರೆ ಹಕ್ಕಿ ಎಂದಿದೆ. ಮೂರನೆಯದರಲ್ಲಿ, ಮೇ ತಿಂಗಳಲ್ಲಿ ಕನ್ನಡದ ಸಾರಾಂಶ ಬರೆಯುವಾಗ ಇದು ನನಗೆ ತಿಳಿದಿತ್ತು ಎಂದಿದೆ. ಮೂರನೆಯ ಸಾಲನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದೆ. ಅದಿಲ್ಲದಿದ್ದರೂ ಸಾಕಾಗುತ್ತಿತ್ತು, ಬರೀ ತಪ್ಪಾಯಿತು ಎಂದರೆ ಕೆಲಸವೂ ಉಳಿಯುತ್ತಿತ್ತು. ಆದರೆ ಮೈಲಾರಪ್ಪನ ಮಾತು ಸ್ಪಷ್ಟವಾಗಿರಲಿಲ್ಲ ಎಂದು ಆಗ ಅವರು ಬರೆದುಕೊಳ್ಳುತ್ತಾರೆ. ಅವನು ಸ್ಪಷ್ಟವಾಗಿಯೇ ಹೇಳಿದ್ದ.

ಸಹಿ ಇನ್ನೂ ಮಾಡಿಲ್ಲ. ಸಭೆಯಲ್ಲಿ ಅಧಿಕಾರಿಯ ಎದುರು ಓದಿ, ಅಲ್ಲಿಯೇ ಮಾಡಬೇಕಂತೆ.

ಇವತ್ತು ಮುಂಜಾನೆ ಕೊಟ್ರೇಶ ಬಂದಿದ್ದ. ಹೊಸ ಮೆಣಸಿನಕಾಯಿ ತಂದಿದ್ದ. ಬ್ಯಾಡಗಿಯ ಕಡೆಯವರು ಹತ್ತು ಹನ್ನೆರಡು ಜನ ಸಭೆಗೆ ಬರುತ್ತಾರಂತೆ, ದಾರಿ ಬದಲಾಗದಂತೆ ನೋಡಿಕೊಳ್ಳಲು. “ನಾನೂ ಬರತೇನಿ ಅಕ್ಕಾ. ಅಷ್ಟ ಮಂದ್ಯಾಗ ನೀ ಒಬ್ಬಾಕಿನ ಯಾಕ ಕುಂದ್ರತಿ? ನಿನ್ನ ಮಗ್ಗಲಕ್ಕ ಕುಂದ್ರತೇನಿ ತಗೋ,” ಎಂದ. ಆಗ ಹೇಳಬಹುದಿತ್ತು. ಚಹಾ ಕೊಟ್ಟೆ. ಕುಡಿದು ಹೋದ.

ನಾಡಿದ್ದು ಹತ್ತೂವರೆಗೆ ಸಭೆ. ಅವನು ನನ್ನ ಪಕ್ಕದಲ್ಲಿ ಕುಳಿತಿರುತ್ತಾನೆ. ನನ್ನ ಹೆಸರು ಕರೆದಾಗ ಎದ್ದು, ಮೂರೂ ಸಾಲು ಓದಿ, ಸಹಿ ಮಾಡುವುದೆಂದು ತೀರ್ಮಾನಿಸಿದ್ದೇನೆ.

ಈ ಪತ್ರ ನಿನಗೆ ಮುಟ್ಟುವಾಗ ಮಂಗಳವಾರ ಆಗಿರುತ್ತದೆ. ನಾನು ಎದ್ದೆನೋ ಕುಳಿತೇ ಇದ್ದೆನೋ, ಅಷ್ಟರಲ್ಲಿ ನೀನೇ ಕಣ್ಣಾರೆ ನೋಡಿರುತ್ತೀ. ಆದರೂ ಬರೆಯುತ್ತಿದ್ದೇನೆ. ನಿನ್ನನ್ನು ನೋಡಿ, ಇಲ್ಲವೇ ಮೈಲಾರಪ್ಪನನ್ನು ನೋಡಿ ಅಲ್ಲಿ ಮನಸ್ಸು ಬದಲಾಯಿಸಿದಳು ಎಂದು ನೀನು ತಿಳಿಯಬಾರದು. ರೈಲ್ವೆ ಸ್ಟೇಶನ್ನಿನ ಹತ್ತಿರದ ಡಬ್ಬಿಯಿಂದ ನಾಲ್ಕು ಗಂಟೆಗೆ ಟಪಾಲು ತೆಗೆಯುತ್ತಾರೆ. ಈಗ ಮೂರೂಕಾಲು. ಲಕೋಟೆಯ ಮೇಲೆ ಶನಿವಾರದ ಮುದ್ರೆ ಬೀಳುತ್ತದೆ. ತಾರೀಖು ನೋಡಿಕೋ.

ಪುಷ್ಪಲತಾ